ಸತ್ತದ್ದನ್ನು ಇಲ್ಲಿ ಮಾರುವುದಿಲ್ಲ

ಬೆಳಿಗ್ಗೆ ಎಂಟು ಗಂಟೆಗೆ ಕ್ವಾರಿಯ ಸ್ಟೋರ್ ಕೀಪರ್ ಗೋಣಿಚೀಲ ಹೊದಿಸಿದ ಬ್ಯಾಟರಿಯೊಂದನ್ನು ಅಂಗಡಿಯ ಮೆಟ್ಟಿಲ ಮೇಲೆ ಇಳಿಸಿ, ಬೆನ್ನು ನೆಟ್ಟಗೆ ಮಾಡಿಕೊಂಡು, "ಅಪ್ಪ ಇಲ್ವಾ?" ಎಂದ.

ಇದ್ದಾರೆ, ಒಳಗೆ ಟೀ ಕುಡೀತಿದ್ದಾರೆ, ಏನು ಬೇಕೋ ನನ್ನ ಹತ್ತಿರವೇ ಹೇಳಿ ಎಂದಳು ಅಕ್ಕ. ಬೀದಿಗೆಲ್ಲ ಅವಳು ಬ್ಯಾಟರಿ ಅಕ್ಕ. ಅರವತ್ತು ದಾಟಿದ ಲಾರಿ ಡ್ರೈವರುಗಳಿಗೂ ಅಕ್ಕನೇ. ವಾರದ ಆ ದಿನ ಬೆಳಿಗ್ಗೆ ಅವಳು ಬಸ್ ಡಿಪೋಗೆ ಹೋಗಿ ಬಸ್ಸುಗಳ ಬ್ಯಾಟರಿಗೆ ನೀರು ತುಂಬಿಸಿ ಬರುವುದು ರೂಢಿ. ಅವತ್ತು ಡಿಪೋದವರು ನಾಳೆ ಬಾ ಅಂದಿದ್ದರು. ಸ್ಟೋರ್ ಕೀಪರಿಗೆ ಅದು ಗೊತ್ತಿರಲಿಲ್ಲ. ಅವಳನ್ನು ಕಂಡು ಅವನ ಮುಖ ಹುಣಸೆ ಕಚ್ಚಿದವನ ಹಾಗಾಯಿತು.

"ಹೊಂಡದ ಜೀಪಿಗೆ ಹೊಸ ಬ್ಯಾಟರಿ ಬೇಕು," ಎಂದ. "ಹಳೇದು ಇದು. ಬದಲಿಗೆ ಇಟ್ಕೊಳ್ಳಿ."

ಹೊಂಡದ ಜೀಪು ಎಂಬ ಮಾತು ಕಿವಿಗೆ ಬಿದ್ದದ್ದೇ, ಕೌಂಟರ್ ಒರೆಸುತ್ತಿದ್ದ ಅವಳ ಕೈ ಅಲ್ಲೇ ನಿಂತಿತು. ಹತ್ತೊಂಬತ್ತು ದಿನಗಳಿಂದ ಅವರ ಮನೆಯಲ್ಲಿ ಆ ಮಾತನ್ನು ಯಾರೂ ಆಡಿರಲಿಲ್ಲ.

ಆ ಜೀಪನ್ನು ಓಡಿಸುತ್ತಿದ್ದವನು ಅವಳ ತಮ್ಮ. ಕ್ವಾರಿಯ ಹೊಂಡ ಎಂದರೆ ಹತ್ತು ಮಹಡಿಯ ಕಟ್ಟಡವನ್ನು ತಲೆಕೆಳಗಾಗಿ ನೆಟ್ಟಷ್ಟು ಆಳ. ಕಲ್ಲು ಕ್ರೇನಿನಲ್ಲಿ ಮೇಲೆ ಬರುತ್ತದೆ, ಮನುಷ್ಯರು ಜೀಪಿನಲ್ಲಿ. ಆ ಓರೆ ದಾರಿಯಲ್ಲಿ ನಾಲ್ಕೂ ಚಕ್ರ ಎಳೆಯುವ ಆ ಒಂದು ಗಾಡಿ ಬಿಟ್ಟರೆ ಬೇರೇನೂ ಹತ್ತುವುದಿಲ್ಲ. ರಾತ್ರಿ ಅದು ಹೊಂಡದ ತಳದಲ್ಲೇ ನಿಂತಿರುತ್ತಿತ್ತು. ಹತ್ತೊಂಬತ್ತು ದಿನಗಳ ಹಿಂದೆ, ಬೆಳಿಗ್ಗೆ ಆರೂಕಾಲಿಗೆ, ಬಂಡೆಯೊಂದು ಜಾರಿ ಡ್ರಿಲ್ಲಿನವನ ತೊಡೆಯ ಮೇಲೆ ಬಿತ್ತು. ತಮ್ಮ ಓಡಿಹೋಗಿ ಕೀಲಿ ತಿರುವಿದ. ಜೀಪು ಒಂದು ಸಲ ಕೊಕ್ ಎಂದು ಸುಮ್ಮನಾಯಿತು. ಕಲ್ಲಿನ ನಡುವೆ ತಳ್ಳಿದರು, ಚಕ್ರ ಅಲುಗಲಿಲ್ಲ. ಕ್ರೇನಿನವನು ಬರುವುದು ಎಂಟಕ್ಕೆ. ಕೊನೆಗೆ ಟಾರ್ಪಾಲಿನಲ್ಲಿ ಹಾಕಿಕೊಂಡು ಆರು ಜನ ಹೊತ್ತು ಹತ್ತಿದರು. ನಲವತ್ತು ನಿಮಿಷ. ದಾರಿಯ ತುದಿ ಮುಟ್ಟುವಾಗ ಟಾರ್ಪಾಲಿನಿಂದ ತೊಟ್ಟಿಕ್ಕುವುದೂ ನಿಂತುಹೋಗಿತ್ತು.

ತನಿಖೆಗೆ ಬಂದವರು ಬಾನೆಟ್ ಎತ್ತಿ, ಮೀಟರಿನ ಮುಳ್ಳು ನೋಡಿ, ಬ್ಯಾಟರಿ ಖಾಲಿ ಎಂದು ಬರೆದುಕೊಂಡರು. ಹಿಂದಿನ ಸಂಜೆ ಡ್ರೈವರ್ ಹೆಡ್‌ಲೈಟ್ ಆರಿಸದೆ ಹೋಗಿದ್ದಾನೆ, ನಿರ್ಲಕ್ಷ್ಯ. ಒಬ್ಬ ಮನುಷ್ಯನ ಸಾವಿಗೆ ಒಂದೂವರೆ ಸಾಲು. ತಮ್ಮ ಅದರ ಕೆಳಗೆ ಸಹಿ ಹಾಕಿದ. ಯಾಕೆಂದರೆ ಅವನಿಗೆ ನೆನಪೇ ಇರಲಿಲ್ಲ. ಆ ಗಾಬರಿಯಲ್ಲಿ ಎಲ್ಲ ಸ್ವಿಚ್ಚುಗಳನ್ನೂ ತಿರುವಿಬಿಟ್ಟಿದ್ದ. ಯಾವುದು ಮೊದಲು ಹೇಗಿತ್ತೆಂದು ದೇವರೇ ಬಲ್ಲ. "ನೀನೇ ಮರೆತಿರ್ತೀಯ ಮಗಾ, ಸಹಿ ಹಾಕು, ಒಪ್ಕೊಂಡ್ರೆ ಹಗುರಾಗುತ್ತೆ" ಎಂದು ಅಪ್ಪನೂ ಹೇಳಿದ್ದ.

ಹಗುರಾಗಲಿಲ್ಲ. ಕೆಲಸದಿಂದ ತೆಗೆದರು. ಅಂದಿನಿಂದ ತಮ್ಮ ಮನೆಯಲ್ಲಿ ಒಂದೊಂದೇ ಸ್ವಿಚ್ಚು ಆರಿಸುತ್ತ ಓಡಾಡುತ್ತಾನೆ. ಆರಿಸಿದ್ದನ್ನೇ ಮತ್ತೆ ಆರಿಸುತ್ತಾನೆ. ಫ್ರಿಜ್ಜಿನ ಬಾಗಿಲು ತೆಗೆದು ಒಳಗಿನ ದೀಪ ನೋಡಿ, ಮುಚ್ಚಿ, ಮುಚ್ಚಿದಾಗ ಅದು ಆರುತ್ತದೆಯೇ ಎಂದು ಅಕ್ಕನನ್ನು ಕೇಳುತ್ತಾನೆ. ಹಗಲು ಹೊತ್ತಿನಲ್ಲಿ ಬೀದಿದೀಪವೊಂದು ಉರಿಯುವುದು ಕಂಡರೆ ಅವನ ಬಾಯಿ ಒಣಗುತ್ತದೆ. ಅಕ್ಕನಿಗೂ ಒಳಗೊಳಗೇ ಒಂದು ಮುಳ್ಳು ಇತ್ತು: ಇವನು ಮರೆತದ್ದೇ ನಿಜವಿದ್ದರೆ?

ಆದರೂ ಗಿರಾಕಿ ಗಿರಾಕಿಯೇ. ಅಕ್ಕ ಬಟ್ಟೆ ಬದಿಗಿಟ್ಟು, ಎಲ್ಲರನ್ನೂ ಕೇಳುವ ಹಾಗೆ ಕೇಳಿದಳು. ಜೀಪು ಈಗ ಎಲ್ಲಿದೆ? ತನಿಖೆಯವರು ಕ್ರೇನಿನಲ್ಲಿ ಮೇಲೆತ್ತಿಸಿ ಬೀಗ ಹಾಕಿದ್ದರು, ನಿನ್ನೆ ಬಿಟ್ಟುಕೊಟ್ಟರು ಎಂದ. ಹಾಗಾದರೆ ಇಷ್ಟು ದಿನ ಹೊಂಡಕ್ಕೆ ಗಾಡಿಯೇ ಇರಲಿಲ್ಲವೇ? ನಡೆದು ಇಳೀತಾರೆ, ನಡೆದು ಹತ್ತುತಾರೆ, ಕಾಲು ಕೊಟ್ಟಿದ್ದಾನಲ್ಲ ದೇವರು ಎಂದ ಅವನು.

ಕಪಾಟಿನಿಂದ ಅವಳು ಮೂರು ಬ್ಯಾಟರಿಗಳನ್ನು ತೋರಿಸಿದಳು. ಮೊದಲನೆಯದು ಸಾಮಾನ್ಯ ಕಾರಿನದು, ಅಗ್ಗ. ಡೀಸೆಲ್ ಎಂಜಿನ್ ಎಬ್ಬಿಸುವ ಬಲ ಅದಕ್ಕಿಲ್ಲ. ಎರಡನೆಯದಕ್ಕೆ ಬಲವಿದೆ, ಆದರೆ ಒಳಗೆ ಆಸಿಡ್ ನೀರಿನ ಹಾಗೆ ತುಳುಕುತ್ತದೆ. ಜೀಪು ಮೂತಿ ಕೆಳಗೆ ಮಾಡಿ ಇಳಿಯುವಾಗ ಮುಚ್ಚಳದಿಂದ ಒಸರಿ ಬ್ಯಾಟರಿ ಕೂರುವ ತಟ್ಟೆಯನ್ನೇ ತಿನ್ನುತ್ತದೆ. ಮೂರನೆಯದು ಬಿಗಿಯಾಗಿ ಮುಚ್ಚಿದ್ದು. ಹೇಗೆ ಓರೆ ಮಾಡಿದರೂ ಚೆಲ್ಲುವುದಿಲ್ಲ, ಕಲ್ಲಿನ ಮೇಲೆ ಕುಲುಕಿದರೂ ಒಳಗಿನ ಫಲಕಗಳು ಉದುರುವುದಿಲ್ಲ, ಜೀಪಿನ ಮೂತಿಗೆ ಕಟ್ಟಿದ, ಹಗ್ಗ ಸುತ್ತುವ ವಿಂಚು ಎಳೆಯುವಾಗಲೂ ಉಸಿರು ಬಿಡುವುದಿಲ್ಲ.

"ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ," ಎಂದು ನಕ್ಕ ಸ್ಟೋರ್ ಕೀಪರ್. "ಕೂಲಿಯವರು ಕೂರೋ ಗಾಡಿ ಅಕ್ಕಾ. ಮೊದಲನೇದೇ ಕೊಡಿ."

"ಮೊದಲನೇದು ಕೊಟ್ರೆ ಇನ್ನೊಬ್ಬನ್ನ ಟಾರ್ಪಾಲಲ್ಲಿ ಹೊರಬೇಕಾಗುತ್ತೆ," ಎಂದಳು ಅಕ್ಕ. "ಮೂರನೇದು. ಇಲ್ಲಾಂದ್ರೆ ಬೇರೆ ಅಂಗಡಿಗೆ ಹೋಗಿ."

ಬೇರೆ ಅಂಗಡಿಗೆ ಅವನು ಹೋಗುವ ಹಾಗಿರಲಿಲ್ಲ. ಯಾಕೆಂದು ಆಗ ಅವಳಿಗೆ ತಿಳಿಯಲಿಲ್ಲ. ಆದರೆ ಒಂದು ವಿಚಾರ ಗೋಣಿಚೀಲ ನೋಡಿದಾಗಿನಿಂದ ತಲೆಯಲ್ಲಿ ಕೊರೆಯುತ್ತಿತ್ತು, ಅದನ್ನು ಈಗ ಬಾಯಿಬಿಟ್ಟು ಹೇಳಿದಳು. ಆ ಜೀಪಿಗೆ ಎಂಟು ತಿಂಗಳ ಹಿಂದೆ ತಾನೇ ಕೈಯಾರೆ ಹೊಸ ಬ್ಯಾಟರಿ ಕೊಟ್ಟಿದ್ದಾಳೆ. ಒಂದು ರಾತ್ರಿ ಲೈಟು ಉರಿದರೆ ಬ್ಯಾಟರಿ ಖಾಲಿಯಾಗುತ್ತದೆ, ಸಾಯುವುದಿಲ್ಲ. ಖಾಲಿ ಕೊಡಕ್ಕೆ ನೀರು ತುಂಬಿಸಿದ ಹಾಗೆ, ಕರೆಂಟು ಕೊಟ್ಟರೆ ಎದ್ದು ಕೂರುತ್ತದೆ. ಹಾಗಿದ್ದ ಮೇಲೆ ಹೊಸದು ಯಾತಕ್ಕೆ?

ಸ್ಟೋರ್ ಕೀಪರ್ ಕೆಮ್ಮಿದ. ಯಜಮಾನರ ಮಾತು, ಅಪಶಕುನದ ಬ್ಯಾಟರಿ ಬೇಡವಂತೆ ಎಂದ. ಇವತ್ತು ಗುಜರಿ ಲಾರಿ ಬರುವ ದಿನವಲ್ಲವೇ, ಇವತ್ತೇ ಕರಗಿಸಲು ಕಳಿಸಿಬಿಡಿ ಎಂದು ಎರಡು ಸಲ ಹೇಳಿದ. ಹೊಸದನ್ನು ತುಂಬ ಚಾರ್ಜು ಮಾಡಿ, ಮಧ್ಯಾಹ್ನ ಊಟದ ಹೊತ್ತಿಗೆ ತಾನೇ ತಂದು ಜೋಡಿಸುತ್ತೇನೆ ಎಂದಳು ಅಕ್ಕ. ಹೋಗುವಾಗ ಅವನು ಒಳಗಿನ ಕೋಣೆಯ ಪರದೆಯತ್ತ ಕತ್ತು ಉದ್ದ ಮಾಡಿ ನೋಡಿದ. ಪರದೆಯ ಹಿಂದೆ ಟೀ ಲೋಟ ಕೆಳಗಿಟ್ಟ ಸದ್ದಾಯಿತು. ಯಾರೂ ಹೊರಗೆ ಬರಲಿಲ್ಲ.

ಅವನು ಹೋದದ್ದೇ ಅಕ್ಕ ಹಳೆಯ ಬ್ಯಾಟರಿಯನ್ನು ಒಳಕ್ಕೆ ಎಳೆದು, ಗೋಣಿಚೀಲ ಕಿತ್ತು, ಚಾರ್ಜರಿನ ಎರಡು ಇಕ್ಕಳಗಳನ್ನು ಹಚ್ಚಿದಳು. ಹೊಸದಕ್ಕೂ ಹಚ್ಚಿದಳು. ಅವಳ ಲೆಕ್ಕ ಸರಳವಾಗಿತ್ತು. ಈ ಬ್ಯಾಟರಿ ಎದ್ದು ಕೂತರೆ ಲೈಟು ಉರಿದಿದ್ದು ನಿಜ, ತಮ್ಮ ತಪ್ಪಿತಸ್ಥ. ಏಳದಿದ್ದರೆ ಅಲ್ಲ.

ಎರಡು ತಾಸು ಕಳೆದ ಮೇಲೆ ಲೋಡ್ ಟೆಸ್ಟರ್ ತಂದಳು. ಅದು ಎರಡು ಮೊನೆಯ ಕವೆಗೋಲಿನಂಥ ಉಪಕರಣ. ಬ್ಯಾಟರಿಯ ಎರಡು ಟರ್ಮಿನಲ್‌ಗಳಿಗೆ ಚುಚ್ಚಿ ಹಿಡಿದರೆ ಎಂಜಿನ್ನಿನಷ್ಟೇ ಭಾರ ಹೊರಿಸುತ್ತದೆ. ಸುಮ್ಮನೆ ಇರುವಾಗ ಮುಳ್ಳು ಗಟ್ಟಿಯಾಗಿ ಹನ್ನೆರಡರ ಮೇಲೆ ನಿಂತಿತ್ತು, ಹೊಸ ಬ್ಯಾಟರಿಯ ಗತ್ತಿನಲ್ಲಿ. ಅಕ್ಕ ಭಾರ ಹೊರಿಸಿದಳು. ಮುಳ್ಳು ಕಡಿದ ಮರದ ಹಾಗೆ ಬಿತ್ತು.

ಎಂಟು ತಿಂಗಳ ಬ್ಯಾಟರಿ ಹೀಗೆ ಬೀಳುವುದಿಲ್ಲ. ಅವಳು ಕೂತಲ್ಲಿಂದ ಏಳದೆ ಲೇಬಲ್ ನೋಡಿದಳು. ಹೊಚ್ಚ ಹೊಸದು, ಒಂದು ಗೆರೆ ಬಿದ್ದಿಲ್ಲ. ಆದರೆ ಪೆಟ್ಟಿಗೆಯ ಮೂಲೆಗಳು ಸವೆದಿವೆ. ಟರ್ಮಿನಲ್‌ಗಳನ್ನು ನೋಡಿದಳು. ಪ್ಲಸ್ ಮೇಲೆ ಕಾರ್ಖಾನೆಯ ಅಂಕಿ ಉಬ್ಬಿಕೊಂಡಿದೆ. ಮೈನಸ್ ಬೋಳಾಗಿದೆ, ಬೆಣ್ಣೆ ಹಚ್ಚಿದಷ್ಟು ನುಣುಪು. ಚಾಕುವಿನಿಂದ ಅದನ್ನು ಕೆರೆದಳು. ಬೂದು ಸೀಸದ ಕೆಳಗೆ, ಅದಕ್ಕಿಂತ ಕಪ್ಪಾದ ಒಂದು ಗೆರೆ ಮೇಲೆದ್ದು ಬಂತು. ಎಡಕ್ಕೆ ವಾಲಿದ ಗೆರೆ.

ಅಕ್ಕನ ಕೈಯಿಂದ ಚಾಕು ಜಾರಿತು.

ಆ ಅಂಗಡಿಯದೊಂದು ರೀತಿ ಇತ್ತು. ಬದಲಿಗೆ ಬಂದ ಬ್ಯಾಟರಿಯನ್ನು ಪರೀಕ್ಷಿಸಿ, ಸತ್ತದ್ದೆಂದು ಖಾತ್ರಿಯಾದರೆ, ಅದರ ಮೈನಸ್ ಟರ್ಮಿನಲ್ಲನ್ನು ಹ್ಯಾಕ್ಸಾ ಬ್ಲೇಡಿನಿಂದ ಅರ್ಧಕ್ಕೆ ಕೊಯ್ಯುತ್ತಿದ್ದರು. ಮತ್ತೆ ಯಾರೂ ಅದಕ್ಕೆ ಬಣ್ಣ ಬಳಿದು, ಹೊಸದೆಂದು ಇನ್ನೊಬ್ಬರ ಗಾಡಿಗೆ ಕಟ್ಟಬಾರದು. ಅದಕ್ಕೆ ಅವರ ಮನೆಮಾತಿನಲ್ಲಿ ಕತ್ತು ಕೊಯ್ಯುವುದು ಎನ್ನುತ್ತಿದ್ದರು. ಆ ರೀತಿ ಶುರು ಮಾಡಿದವನು ಅಪ್ಪ. ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ ತನ್ನ ಕೈಯಾರೆ 'ಸತ್ತದ್ದನ್ನು ಇಲ್ಲಿ ಮಾರುವುದಿಲ್ಲ' ಎಂದು ಬರೆದಿದ್ದವನೂ ಅವನೇ. ಅಪ್ಪ ಕೊಯ್ದ ಗೆರೆ ಬಲಕ್ಕೆ ವಾಲುತ್ತಿತ್ತು. ಅಕ್ಕ ಎಡಗೈಯವಳು, ಅವಳ ಗೆರೆ ಎಡಕ್ಕೆ. ಊರೆಲ್ಲ ಹುಡುಕಿದರೂ ಎಡಕ್ಕೆ ಕೊಯ್ಯುವ ಇನ್ನೊಂದು ಕೈಯಿಲ್ಲ.

ಎಂದರೆ, ಇದು ತಾನೇ ಕತ್ತು ಕೊಯ್ದ ಬ್ಯಾಟರಿ. ಕೊಯ್ದು ಗುಜರಿಯ ರಾಶಿಗೆ ಎಸೆದದ್ದು. ಅದು ಎದ್ದು ನಡೆದು ಹೋಗಿ ಹೊಂಡದ ಜೀಪಿನಲ್ಲಿ ಕೂತಿತ್ತು.

ಗುಜರಿಯವರೇ ಇರಬೇಕು ಎಂದು ಮೊದಲು ಅನಿಸಿತು. ಲಾರಿಯವರು ಎಲ್ಲಿಗೋ ಮಾರಿ, ಅಲ್ಲಿ ಯಾರೋ ಸೀಸ ತುಂಬಿಸಿ, ಸ್ಟೋರ್ ಕೀಪರ್ ಅಗ್ಗಕ್ಕೆ ಕೊಂಡಿರಬೇಕು. ಅವಳು ಹಿತ್ತಲಿನ ನಲ್ಲಿಗೆ ಹೋಗಿ ಮುಖಕ್ಕೆ ನೀರು ಹಾಕಿಕೊಂಡಳು. ತಮ್ಮನಿಗೆ ಮೊದಲು ಹೇಳಬೇಕು, ಇಲ್ಲ, ತನಿಖೆಯವರಿಗೆ ಮೊದಲು ಹೇಳಬೇಕು ಎಂದುಕೊಳ್ಳುತ್ತಿರುವಾಗ ಮುಂದುಗಡೆ ಗುಜರಿ ಲಾರಿಯ ಹಾರ್ನು ಕೇಳಿಸಿತು. ಒಳಗೆ ಬಂದಳು. ಬ್ಯಾಟರಿ ಇದ್ದ ಜಾಗದಲ್ಲಿ ಇಕ್ಕಳಗಳು ಮಾತ್ರ ಬಿದ್ದಿದ್ದವು.

ಹೊರಗೆ, ಬಿಸಿಲಿನಲ್ಲಿ, ಅಪ್ಪ ನಡೆಯುತ್ತಿದ್ದ. ಮೂವತ್ತೈದು ವರ್ಷ ಸೀಸದ ಹೊಗೆ ಕುಡಿದ ಅಪ್ಪ. ಬೆನ್ನು ಮುರಿದುಕೊಂಡು ಎರಡು ವರ್ಷದಿಂದ ನೀರಿನ ಬಕೆಟ್ ಕೂಡ ಎತ್ತದ ಅಪ್ಪ. ಆ ಬ್ಯಾಟರಿಯನ್ನು ಮಗುವಿನ ಹಾಗೆ ಎದೆಗವಚಿಕೊಂಡು, ಮೊಣಕಾಲು ಬಾಗಿಸಿ, ಹೆಜ್ಜೆ ಹೆಜ್ಜೆಗೂ ಮುಕ್ಕರಿಸುತ್ತ, ಲಾರಿಯ ಕಡೆ ಹೋಗುತ್ತಿದ್ದ. ಅಂಗಿಯ ಮೇಲೆ ಆಸಿಡ್ ಇಳಿದು ಹೊಟ್ಟೆಯ ಹತ್ತಿರ ಬಟ್ಟೆ ಹಳದಿಯಾಗುತ್ತಿತ್ತು.

ಅಕ್ಕನಿಗೆ ಗರ ಬಡಿದ ಹಾಗಾಯಿತು. ಆಗ ಅವಳಿಗೆ ಆ ನುಣುಪು ನೆನಪಾಯಿತು. ಮೈನಸ್ಸಿನ ಅಂಚಿನಲ್ಲಿ ಉಗುರಿನ ಚಂದ್ರದಷ್ಟು ಒಂದು ತುಟಿ ಇತ್ತು. ಕಾದ ಸೀಸ ಹುಯ್ದು ಕೊನೆಗೆ ಸೌಟನ್ನು ಮಣಿಕಟ್ಟಿನಲ್ಲಿ ಹೊರಳಿಸಿದಾಗ ಮೂಡುವ ತುಟಿ. ಹತ್ತು ವರ್ಷ ಪಕ್ಕದಲ್ಲಿ ಕೂತು ಕಲಿತರೂ ಅವಳ ಕೈಗೆ ಅದು ಬಂದಿರಲಿಲ್ಲ. ಅಪ್ಪನ ಕೈ ಅನ್ನದ ತಟ್ಟೆ ಹಿಡಿದರೆ ನಡುಗುತ್ತದೆ. ಸೀಸದ ಸೌಟು ಹಿಡಿದರೆ ನಡುಕ ನಿಲ್ಲುತ್ತದೆ.

ಅವಳು ಹೋಗಿ ಲಾರಿಗೂ ಅಪ್ಪನಿಗೂ ನಡುವೆ ನಿಂತಳು. ಅಪ್ಪ ತಲೆ ಎತ್ತಲಿಲ್ಲ. ಅವನ ತೋಳಿನಿಂದ ಬ್ಯಾಟರಿ ತೆಗೆದುಕೊಂಡು, ಲಾರಿಯವನಿಗೆ ಮುಂದಿನ ವಾರ ಬಾ ಎಂದಳು. ಒಳಗೆ ಕರೆತಂದು ಮೊದಲು ಅಪ್ಪನ ಅಂಗಿ ಬಿಚ್ಚಿಸಿ, ಹೊಟ್ಟೆಯ ಮೇಲೆ ಬಕೆಟ್ಟುಗಟ್ಟಲೆ ನೀರು ಸುರಿದಳು. ಸುಟ್ಟ ಚರ್ಮ ಕೆಂಪಗೆ ಎದ್ದಿತ್ತು. ನೀರು ಸುರಿಯುತ್ತಲೇ ಕೇಳಿದಳು, ಅಪ್ಪ ಹೇಳುತ್ತ ಹೋದ.

ಅವಳು ಚಿಕ್ಕಮ್ಮನ ಆಪರೇಷನ್ನಿಗೆಂದು ನಾಲ್ಕು ದಿನ ಆಸ್ಪತ್ರೆಯಲ್ಲಿದ್ದಾಗ ಸ್ಟೋರ್ ಕೀಪರ್ ಬಂದಿದ್ದನಂತೆ. ಯಜಮಾನರ ಬಂಗಲೆಗೆ ಕರೆಂಟು ಹೋದಾಗ ದೀಪಕ್ಕೊಂದು ಒಳ್ಳೆಯ ಬ್ಯಾಟರಿ ಬೇಕಾಗಿದೆ, ಜೀಪಿನದನ್ನೇ ತೆಗೆದು ಅಲ್ಲಿಗೆ ಕೊಂಡೊಯ್ಯುತ್ತೇವೆ, ಜೀಪಿನ ತಟ್ಟೆ ಖಾಲಿ ಕಾಣಬಾರದು, ಆಕಾರಕ್ಕೊಂದು ಕೂರಿಸಿದರೆ ಸಾಕು, ಎರಡೇ ದಿನ ಎಂದನಂತೆ. ಆಗುವುದಿಲ್ಲ, ನಮ್ಮ ಅಂಗಡಿಯ ರೀತಿಯಲ್ಲ ಎಂದು ಅಪ್ಪ ಗೋಡೆ ತೋರಿಸಿದನಂತೆ. ಅವನು ಗೋಡೆ ನೋಡಿ ನಕ್ಕು, ನಿಮ್ಮ ಮಗನ ಕೆಲಸ ಕಾಯಂ ಮಾಡುವ ಕಾಗದ ನನ್ನ ಮೇಜಿನ ಮೇಲೇ ಇದೆ ಎಂದನಂತೆ.

"ಎರಡು ದಿನ ಅಂದಿದ್ದ," ಎಂದ ಅಪ್ಪ. "ಎರಡು ತಿಂಗಳಾಯ್ತು."

"ಡ್ರಿಲ್ಲಿನವನು ಸತ್ತ ದಿನ ಗೊತ್ತಾಯ್ತಲ್ಲ ನಿಮಗೆ?"

ಅಪ್ಪ ತಲೆಯಾಡಿಸಿದ.

"ಗೊತ್ತಿದ್ದೂ ತಮ್ಮನಿಗೆ ನೀನೇ ಮರೆತಿರ್ತೀಯ ಅಂದ್ರಾ?"

ಒಪ್ಪಿಕೊಂಡು ಸಹಿ ಹಾಕಿದರೆ ಒಂದು ತಿಂಗಳಲ್ಲಿ ವಾಪಸ್ ತೆಗೆದುಕೊಳ್ಳುತ್ತೇವೆ, ಬ್ಯಾಟರಿಯ ಸುದ್ದಿ ಎತ್ತಿದರೆ ಅಂಗಡಿಗೂ ಬೀಗ, ಮಗನಿಗೂ ಜೈಲು ಎಂದು ಕ್ವಾರಿಯವರು ಹೇಳಿದ್ದರಂತೆ. ಅಪ್ಪನ ಬಾಯಿಂದ ಮಾತು ತುಂಡು ತುಂಡಾಗಿ ಬಂತು. ಮಗನಿಗಾಗಿ ಒಂದು ಸುಳ್ಳು ಹುಯ್ದೆ, ಅದೇ ಸುಳ್ಳನ್ನು ಅವನ ತಲೆ ಮೇಲೂ ಹುಯ್ದೆ ಎಂದ. ಅಕ್ಕನಿಗೆ ಅಳು ಬರಲಿಲ್ಲ, ಸಿಟ್ಟೂ ಬರಲಿಲ್ಲ. ಎದುರಿನ ಗೋಡೆಯ ಮೇಲಿನ ಕೆಂಪು ಅಕ್ಷರಗಳನ್ನು ಓದಿದಳು. ದಿನಾ ಕಂಡದ್ದೇ; ಓದಿದ್ದು ಅವತ್ತೇ ಮೊದಲು.

ಹನ್ನೊಂದೂವರೆಗೆ ಅವಳು ತಮ್ಮನಿಗೆ ಫೋನು ಮಾಡಿದಳು. ಕ್ವಾರಿಗೆ ಬಾ ಎಂದರೆ ಬರುವುದಿಲ್ಲ ಎಂದ. ಲೈಟಿನ ವಿಷಯ ಎಂದಳು. ಅತ್ತ ಕಡೆ ಸ್ವಿಚ್ಚೊಂದನ್ನು ಒತ್ತಿದ ಸದ್ದಾಯಿತು. ಆಮೇಲೆ, "ಯಾವ ಲೈಟು?" ಎಂದ.

"ನೀನು ಬಾ. ಹೇಳಬೇಕಾದವರು ಹೇಳ್ತಾರೆ."

ಮೂರು ಚಕ್ರದ ಸಾಮಾನು ಗಾಡಿಯಲ್ಲಿ ಹೊಸ ಬ್ಯಾಟರಿ, ಹಳೆಯ ಬ್ಯಾಟರಿ, ಲೋಡ್ ಟೆಸ್ಟರ್ ಹೇರಿದಳು. ಅಪ್ಪ ಕೇಳದೆಯೇ ಬೇರೆ ಅಂಗಿ ತೊಟ್ಟು ಪಕ್ಕದಲ್ಲಿ ಬಂದು ಕೂತ. ಹೊಸ ಬ್ಯಾಟರಿಯನ್ನು ಕೊಡದೆ ಜಗಳಕ್ಕೆ ನಿಲ್ಲಬಹುದಿತ್ತು. ಆದರೆ ಹೊಂಡದಲ್ಲಿ ಆ ಹೊತ್ತಿಗೂ ಜನರಿದ್ದರು, ಅವರ ತಲೆಯ ಮೇಲೆ ಬಂಡೆಗಳಿದ್ದವು, ಬಂಡೆ ತನಿಖೆಗೆ ಕಾಯುವುದಿಲ್ಲ.

ಜೀಪು ಕ್ವಾರಿ ಆಫೀಸಿನ ಪಕ್ಕ ಧೂಳು ಹೊದ್ದು ನಿಂತಿತ್ತು. ಅದರ ಹಿಂದೆ ತಮ್ಮ, ಜೀಪಿಗೆ ಬೆನ್ನು ಮಾಡಿ. ಅಕ್ಕ ಬಾನೆಟ್ ಎತ್ತಿ, ತಟ್ಟೆಯ ಬಿಳಿ ಪುಡಿಯನ್ನು ಬಿಸಿನೀರಿನಿಂದ ತೊಳೆದು, ಹೊಸ ಬ್ಯಾಟರಿ ಕೂರಿಸಿ, ಹಿಡಿಪಟ್ಟಿಯನ್ನು ಕೈ ನೋಯುವಷ್ಟು ಬಿಗಿ ಮಾಡಿದಳು. ಕಲ್ಲಿನ ದಾರಿಯಲ್ಲಿ ಸಡಿಲವಾದ ಬ್ಯಾಟರಿ ತನ್ನನ್ನು ತಾನೇ ಕುಟ್ಟಿಕೊಂಡು ಸಾಯುತ್ತದೆ. ಮೊದಲು ಪ್ಲಸ್, ಆಮೇಲೆ ಮೈನಸ್. ಸ್ಟೋರ್ ಕೀಪರ್ ಆಫೀಸಿನ ಬಾಗಿಲಲ್ಲಿ ನಿಂತು, ಜೊತೆಗೆ ಅಪ್ಪನನ್ನು ಕಂಡು ಸಮಾಧಾನದಿಂದ ಕೈ ಎತ್ತಿದ. ಅಪ್ಪ ಕೈ ಎತ್ತಲಿಲ್ಲ. ಅಕ್ಕ ಕೀಲಿ ತಿರುವಿದಳು. ಎಂಜಿನ್ ಒಂದೇ ಏಟಿಗೆ ಗುಡುಗಿತು. ಆ ಸದ್ದಿಗೆ ತಮ್ಮ ಎರಡೂ ಕಿವಿ ಮುಚ್ಚಿಕೊಂಡ.

ಅಷ್ಟರಲ್ಲಿ ಊಟದ ಸೈರನ್ ಕೂಗಿತು. ಹೊಂಡದಿಂದ ಕೂಲಿಯವರು ಏದುಸಿರು ಬಿಡುತ್ತ ಹತ್ತಿ ಬಂದರು. ಮೇಲೆ ಜಲ್ಲಿ ಒಡೆಯುವ ಹೆಂಗಸರೂ ಸುತ್ತಿಗೆ ಕೆಳಗಿಟ್ಟರು. ಅವರಲ್ಲಿ ಸತ್ತವನ ಹೆಂಡತಿಯೂ ಇದ್ದಳು. ಒಂಬತ್ತನೆಯ ದಿನವೇ ಕೆಲಸಕ್ಕೆ ಮರಳಿದ್ದಳು, ಬೇರೆ ದಾರಿ ಇರಲಿಲ್ಲ. ಎಂಜಿನ್ನಿನ ಸದ್ದು ಕೇಳಿ ಎಲ್ಲರೂ ಜೀಪಿನ ಸುತ್ತ ಬಂದು ನಿಂತರು. ತಮ್ಮನ ಮುಖವನ್ನು ಯಾರೂ ನೋಡಲಿಲ್ಲ, ಕಂಬದ ಪಕ್ಕ ಹಾದುಹೋದ ಹಾಗೆ ಹಾದುಹೋದರು.

ಅಕ್ಕ ಎಂಜಿನ್ ನಿಲ್ಲಿಸಿ, ಬಾನೆಟ್ ಮುಚ್ಚಿ, ಹಳೆಯ ಬ್ಯಾಟರಿಯನ್ನು ಎತ್ತಿ ಜೀಪಿನ ಬಾನೆಟ್ಟಿನ ಮೇಲಿಟ್ಟಳು. ಬೆಳಿಗ್ಗೆಯಿಂದ ಇದಕ್ಕೆ ಕರೆಂಟು ಕುಡಿಸಿದ್ದೇನೆ, ನೋಡಿ ಎಂದು ಟೆಸ್ಟರ್ ಚುಚ್ಚಿದಳು. ಮುಳ್ಳು ಬಿತ್ತು. ಬಾನೆಟ್ ಎತ್ತಿ ಹೊಸದಕ್ಕೂ ಚುಚ್ಚಲೆಂದು ಹಳೆಯದನ್ನು ಮಡ್‌ಗಾರ್ಡಿನ ಮೇಲಿಟ್ಟಾಗ ಸ್ಟೋರ್ ಕೀಪರ್ ಓಡಿಬಂದು ಅದಕ್ಕೆ ಕೈ ಹಾಕಿದ. ಡ್ರಿಲ್ಲಿನವರಲ್ಲಿ ಒಬ್ಬ ಅವನ ಮಣಿಕಟ್ಟು ಹಿಡಿದುಕೊಂಡ. ಹಿಡಿದವನು ಆವತ್ತು ಟಾರ್ಪಾಲಿನ ಒಂದು ಮೂಲೆ ಹೊತ್ತವನು. ಹೊಸದಕ್ಕೆ ಚುಚ್ಚಿದಾಗ ಮುಳ್ಳು ಅಲುಗಿ, ಅಲ್ಲೇ ನಿಂತಿತು.

"ಲೈಟು ಉರಿದು ಖಾಲಿಯಾದದ್ದು ಹೀಗೆ ಬೀಳಲ್ಲ," ಎಂದಳು ಅಕ್ಕ. "ಇದು ಜೀಪಿಗೆ ಹಾಕೋಕೆ ಮೊದಲೇ ಸತ್ತಿತ್ತು. ಕತ್ತು ಕೊಯ್ದಿದ್ದು ನಾನು. ಹೊಲಿದವರು ಇವರು."

ಹ್ಯಾಕ್ಸಾ ಬ್ಲೇಡನ್ನು ಅವಳು ಅಪ್ಪನ ಕೈಗೆ ಕೊಟ್ಟಳು. ಮುಚ್ಚಿದ್ದು ನೀವು, ತೆಗೆಯುವುದೂ ನೀವೇ ಎಂದಳು. ಅಪ್ಪನ ಕೈ ಗಡಗಡ ನಡುಗಿತು. ಬ್ಲೇಡು ಸೀಸಕ್ಕೆ ತಾಗಿದ ಮೇಲೆ ನಡುಕ ನಿಂತಿತು. ತುಂಬಿದ್ದ ಸೀಸ ಉಗುರಿನಷ್ಟು ತುಂಡಾಗಿ ಕಳಚಿ ಧೂಳಿಗೆ ಬಿತ್ತು, ಎಡಕ್ಕೆ ವಾಲಿದ ಹಳೆಯ ಗಾಯ ಬಾಯಿ ತೆರೆಯಿತು. ಆಮೇಲೆ ಅಪ್ಪ ಎಲ್ಲವನ್ನೂ ಹೇಳಿದ. ಬಂಗಲೆ, ಆಕಾರಕ್ಕೆ ಕೂರಿಸಿದ್ದು, ಕಾಯಂ ಕಾಗದ. ಸ್ಟೋರ್ ಕೀಪರ್, ಮುದುಕನಿಗೆ ಅರಳುಮರಳು, ಸೀಸ ತಲೆಗೇರಿದೆ ಎಂದು ಕೂಗಿದ. ಯಾರೂ ಅವನತ್ತ ತಿರುಗಲಿಲ್ಲ.

ತಮ್ಮ ಮೆಲ್ಲಗೆ ಮುಂದೆ ಬಂದ. ಜೀಪು ಏಳುವಾಗ ಮುಲುಕುತ್ತದೆ, ನಾಲ್ಕೈದು ಸಲ ಕೀಲಿ ತಿರುವಿದರೆ ಹೇಗೋ ಏಳುತ್ತದೆ ಎಂದು ತಾನು ಸ್ಟೋರಿಗೆ ಎರಡು ಸಲ ಹೇಳಿದ್ದೆ ಎಂದ. ಚಳಿಗೆ ಹಾಗೇ ಎಂದಿದ್ದರಂತೆ.

"ನನಗ್ಯಾಕೆ ಹೇಳಲಿಲ್ಲ?" ಎಂದಳು ಅಕ್ಕ. ಅವಳ ದನಿ ಮೊದಲ ಸಲ ಒಡೆಯಿತು.

"ನೀನು ಕೊಟ್ಟ ಬ್ಯಾಟರಿ ಅಂದ್ಕೊಂಡಿದ್ದೆ. ನಿನ್ನ ಕೆಲಸಕ್ಕೆ ಹೆಸರು ಇಟ್ಟ ಹಾಗಾಗುತ್ತೆ ಅಂತ ಸುಮ್ಮನಿದ್ದೆ."

ಅಕ್ಕ ಬಾನೆಟ್ಟಿನ ಅಂಚು ಹಿಡಿದುಕೊಂಡಳು. ಒಂದು ಮಾತು, ಮನೆಯಲ್ಲಿ ಊಟಕ್ಕೆ ಕೂತಾಗ ಆಡಬಹುದಾಗಿದ್ದ ಒಂದೇ ಮಾತು. ಆಡಿದ್ದರೆ ಅವಳು ಮರುದಿನವೇ ಬಾನೆಟ್ ಎತ್ತಿರುತ್ತಿದ್ದಳು. ಅಕ್ಕನ ಮೇಲಿನ ಅಭಿಮಾನಕ್ಕೆ ಅವನು ಬಾಯಿ ಮುಚ್ಚಿಕೊಂಡಿದ್ದ. ಆ ಮನೆಯಲ್ಲಿ ಪ್ರೀತಿಯಿಂದಲೇ ಎರಡು ಸಲ ಒಬ್ಬ ಮನುಷ್ಯನ ದಾರಿ ಮುಚ್ಚಿಹೋಗಿತ್ತು. ಪ್ರೀತಿಯೇ ಇಲ್ಲದ ಬಂಗಲೆಗೆ ಅಷ್ಟು ಕಷ್ಟವೂ ಬೇಕಾಗಿರಲಿಲ್ಲ, ಒಂದು ಆಜ್ಞೆ ಸಾಕಾಗಿತ್ತು.

ಸತ್ತವನ ಹೆಂಡತಿ ಸ್ಟೋರ್ ಕೀಪರನ ಎದುರು ಹೋಗಿ ನಿಂತಳು.

"ಒಳ್ಳೇ ಬ್ಯಾಟರಿ ಈಗ ಎಲ್ಲಿದೆ?"

ಅವನು ಮೇಲೆ ಬಂಗಲೆಯ ಕಡೆ ನೋಡಿದ.

"ಏನು ಉರಿಸ್ತಿದೆ ಅಲ್ಲಿ?"

ಬಂಗಲೆಗೆ ಕಲ್ಲು ಹಾಸಲು ಹೋಗಿದ್ದ ಕೂಲಿಯವನೊಬ್ಬ ಹೇಳಿದ. ಮನೆಯೊಳಗಿನದಕ್ಕೆ ಬೇರೆ ಯಂತ್ರವಿದೆ. ಅಂಗಳದ ಹುಲ್ಲಿನ ಸುತ್ತ ಅಣಬೆಯಂಥ ಪುಟ್ಟ ದೀಪಗಳಿವೆಯಲ್ಲ, ಅವುಗಳಿಗೆ ಅದು.

"ಹುಲ್ಲಿಗಾ," ಎಂದಳು ಅವಳು. ಮತ್ತೊಮ್ಮೆ ಹೇಳಿದಳು, ಅರ್ಥವಾಗದವರ ಹಾಗೆ, "ಹುಲ್ಲಿಗಾ."

ಅವಳು ಅಳಲಿಲ್ಲ. ಅಪ್ಪ ಅವಳ ಕಾಲ ಬಳಿ ಕೂರಲು ಬಾಗಿದ. ಅವಳು ಹಿಂದೆ ಸರಿದಳು. ಕ್ಷಮೆ ಕೇಳಬೇಡಿ, ಇದನ್ನೇ ತನಿಖೆಯವರ ಮುಂದೆ ಹೇಳಿ, ಸಹಿ ಹಾಕಿ, ಆಮೇಲೆ ನನ್ನ ಮುಖ ನೋಡಿ ಎಂದಳು. ಅಪ್ಪ ಆಗಲಿ ಎಂದ. ಎದ್ದು ನಿಲ್ಲಲು ಅವನಿಗೆ ಯಾರೂ ಕೈ ಕೊಡಲಿಲ್ಲ, ಮಗಳೂ.

ಊಟ ಮುಗಿದ ಸೈರನ್ ಕೂಗಿತು. ಯಾರೂ ಊಟ ಮಾಡಿರಲಿಲ್ಲ. ಸ್ಟೋರ್ ಕೀಪರ್ ಹೊಂಡಕ್ಕಿಳಿಯಿರಿ ಎಂದು ಕೂಗಿ, 'ಇಲ್ಲಾಂದ್ರೆ' ಎಂದಷ್ಟೇ ಹೇಳಿ ನಿಲ್ಲಿಸಿದ. ಇಲ್ಲಾಂದ್ರೆ ಏನೆಂದು ಅವನಿಗೇ ಹೊಳೆಯಲಿಲ್ಲ. ಟಾರ್ಪಾಲ್ ಹೊತ್ತವನು ಜೀಪಿನ ಮುಂದೆ ನೆಲದ ಮೇಲೆ ಕೂತ. ಒಬ್ಬೊಬ್ಬರಾಗಿ ಎಲ್ಲರೂ ಕೂತರು. ತನಿಖೆಯವರು ಬರುವವರೆಗೆ ಇಳಿಯುವುದಿಲ್ಲ ಎಂದ ಒಬ್ಬ ಮುದುಕ, ಮಳೆ ಬರುತ್ತದೆ ಎನ್ನುವಷ್ಟು ಸಾದಾ ದನಿಯಲ್ಲಿ.

ತಮ್ಮ ಮಾತ್ರ ನಿಂತೇ ಇದ್ದ. ಅವನ ಕಣ್ಣು ಅಪ್ಪನ ಮೇಲಿತ್ತು.

"ಹಾಗಾದ್ರೆ ಲೈಟು?" ಎಂದ.

"ಆರಿಸಿದ್ದೆ ಮಗಾ," ಎಂದ ಅಪ್ಪ. "ನೀನು ಆರಿಸಿಯೇ ಬಂದಿದ್ದೆ."

ತಮ್ಮ ಆ ಮಾತನ್ನು ತುಟಿಯಲ್ಲೇ ಒಮ್ಮೆ ಹೇಳಿಕೊಂಡ. ಅಪ್ಪನ ಹತ್ತಿರ ಹೋಗಲಿಲ್ಲ. ಜೀಪಿನ ಬಾಗಿಲು ತೆಗೆದು ಸೀಟಿನಲ್ಲಿ ಕೂತ. ಹತ್ತೊಂಬತ್ತು ದಿನಗಳ ನಂತರ ಅವನ ಬೆರಳು ಆ ಸ್ವಿಚ್ಚಿನ ಮೇಲೆ ಬಂತು. ಕ್ಲಿಕ್ ಎಂದಿತು. ನಡುಮಧ್ಯಾಹ್ನದ ಬಿಸಿಲಿನಲ್ಲಿ ಎರಡು ಹೆಡ್‌ಲೈಟುಗಳು ಹೊತ್ತಿಕೊಂಡವು, ಬಂಗಲೆಯ ಕಡೆಗೆ ಮುಖ ಮಾಡಿ.

ಬ್ಯಾಟರಿ ಇಳಿದುಹೋಗುತ್ತೆ, ಆರಿಸಪ್ಪ ಎಂದು ಹಿಂದಿನಿಂದ ಯಾರೋ ಹೇಳಿದರು.

ಅಕ್ಕ ಬಾನೆಟ್ ಮುಚ್ಚಿ, ಕೊಯ್ದ ಬ್ಯಾಟರಿಯನ್ನು ಮತ್ತೆ ಅದರ ಮೇಲಿಟ್ಟು, ಪಕ್ಕದಲ್ಲಿ ನಿಂತಳು. "ಉರೀಲಿ ಬಿಡಿ," ಎಂದಳು. "ಸಂಜೆವರೆಗೆ ತಡೆಯುತ್ತೆ. ನಾನೇ ಆರಿಸಿ ಕೊಟ್ಟದ್ದು."